ಉಟ್ರೆಕ್ಟಿನಲ್ಲಿ ದೊಡ್ಡಕ್ಕನ ಗಡ್ಡೆ ಓದಿಸಿದ್ದು

ತಾಂಡೂರು ಸ್ಟೇಶನ್

ನಾನು ನೆದರ್‌ಲ್ಯಾಂಡ್ಸಿಗೆ ಹೋದದ್ದು ತೊಗರಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಿರುಗಿ ಬಂದ ಮೇಲೆ ಒಬ್ಬರಾದರೂ ತೊಗರಿಯ ಸುದ್ದಿ ಕೇಳಲಿಲ್ಲ. ತಾಂಡೂರಿನಲ್ಲಿ ತೊಗರಿಯ ಹೊಸ ತಳಿ ತೆಗೆಯುವುದು ನನ್ನ ನೌಕರಿ. ಮೊಗ್ಗು ಬಿಡಿಸಿ, ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಟೊಂಗೆಗೆ ಚೀಟಿ ಕಟ್ಟಿ ಕಾಯುವ ಕೆಲಸ. ಬೇಳೆಕಾಳುಗಳ ಜೀನ್ ಓದುವುದನ್ನು ಕಲಿತು ಬಾ ಎಂದು ವಾಗೆನಿಂಗೆನ್ ಎಂಬ ಊರಿಗೆ ಒಂದೂವರೆ ತಿಂಗಳ ಮಟ್ಟಿಗೆ ಕಳಿಸಿದರು.

ಸ್ಟೇಶನ್ನಿಗೆ ಬೀಳ್ಕೊಡಲು ಮನೂರಿನಿಂದ ತಿಪ್ಪಕ್ಕ ಬಂದಿದ್ದಳು. ನಾವು ಮೂವರು ಅಕ್ಕತಂಗಿಯರು. ದೊಡ್ಡಕ್ಕ ನೀಲಮ್ಮ, ತವರೂರಾದ ನಾಗಲಗಿದ್ದದಲ್ಲೇ ಮದುವೆಯಾಗಿ ಹೊಲಮನೆ ನೋಡಿಕೊಂಡಿರುವವಳು. ನಡುವಿನವಳು ತಿಪ್ಪಮ್ಮ, ಮನೂರಿನ ಸೊಸೆ, ನನಗೆ ತಿಪ್ಪಕ್ಕ. ಕೊನೆಯವಳು ನಾನು, ಸುವರ್ಣ.

ತಿಪ್ಪಕ್ಕನ ಹೆಸರಿನ ಕಥೆ ಇಲ್ಲೇ ಹೇಳಬೇಕು. ದೊಡ್ಡಕ್ಕನ ನಂತರ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಅದಕ್ಕೇ ತಿಪ್ಪಕ್ಕ ಹುಟ್ಟಿದ ಕೂಡಲೇ ಅಜ್ಜಿ ಅವಳನ್ನು ಹಿತ್ತಲಿನ ತಿಪ್ಪೆಯ ಮೇಲೆ ಮಲಗಿಸಿ ಬಂದಳು. ಪಕ್ಕದ ಮನೆಯ ಗೌರಮ್ಮ ಎತ್ತಿಕೊಂಡಳು. ಅವ್ವ ಆಕೆಗೆ ಒಂದು ಮೊರ ತೌಡು ಕೊಟ್ಟು, ಹೆತ್ತ ಕೂಸನ್ನೇ ಕೊಂಡುಕೊಂಡಳು. ತಿಪ್ಪೆಯಿಂದ ತಂದದ್ದನ್ನು ಸಾವು ಕೇಳಲು ಬರುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಕೂಸೇನೋ ಸಾವಿನಿಂದ ಪಾರಾಯಿತು, ದೊಡ್ಡಕ್ಕನ ಬಾಯಿಂದ ಪಾರಾಗಲಿಲ್ಲ. ಮಾತಿಗೆ ಮಾತು ಬೆಳೆದಾಗಲೆಲ್ಲ, "ನೀ ನಮ್ಮಾಕಿ ಅಲ್ಲ, ನಿನಗ ತಿಪ್ಪಿ ಮ್ಯಾಲಿಂದ ತಂದೀವಿ" ಎನ್ನುವುದು. ಇಬ್ಬರಿಗೂ ಮೊಮ್ಮಕ್ಕಳಾದರೂ ಅದು ನಿಂತಿಲ್ಲ.

ಆ ದೊಡ್ಡಕ್ಕನಿಗೆ ಈಗ ಎದೆಯಲ್ಲಿ ಕ್ಯಾನ್ಸರ್. ಶ್ವಾಸಕೋಶದ್ದು. ಬೀಡಿ ಇರಲಿ, ಎಲೆ ಅಡಿಕೆಯನ್ನೂ ಬಾಯಿಗೆ ಹಾಕಿದವಳಲ್ಲ. ನೋಡಲು ಬಂದವರೆಲ್ಲ ಒಂದೊಂದು ಕಾರಣ ಕೊಟ್ಟು ಹೋದರು. ಒಲೆಯ ಹೊಗೆ ಅಂದರು, ಯಾರದೋ ಕಣ್ಣು ಅಂದರು, ಹಿಂದಿನ ಜನ್ಮದ್ದು ಅಂದರು. ಕೇಳಿ ಕೇಳಿ ಅವಳೂ ನನ್ನನ್ನು ಕೇಳತೊಡಗಿದಳು, "ನಾ ಏನ್ ತಪ್ಪ ಮಾಡೀನಿ ಸುವರ್ಣಾ?" ಕಾಳುಕಡಿಯ ವಿಷಯ ಓದಿದ ನಾನು ಇದಕ್ಕೆ ಏನು ಹೇಳಲಿ?

ಹೈದರಾಬಾದಿನ ಡಾಕ್ಟರು ಮಾತ್ರ ಬಿಡಿಸಿ ಹೇಳಿದ್ದರು. ಗಡ್ಡೆಯ ಜೀನುಗಳೆಂಬ ಬರಹದಲ್ಲಿ ಸಾವಿರಾರು ಕಡೆ ಅಕ್ಷರಗಳು ಕೆಟ್ಟಿರುತ್ತವೆ. ಬಹಳಷ್ಟು ಸುಮ್ಮನೆ ಕೂತು ಬಂದ ಪ್ರಯಾಣಿಕರು. ಗಡ್ಡೆಯನ್ನು ಓಡಿಸುವ ಚಾಲಕ ಒಂದೋ ಎರಡೋ ಇರುತ್ತದೆ. ಆ ಚಾಲಕ ಜೀನ್ ಸಿಕ್ಕರೆ, ಕೆಲವಕ್ಕೆ ಕೈ ಕಟ್ಟಿಹಾಕುವ ಗುಳಿಗೆ ಇದೆ. ನಾರಾಯಣಖೇಡದಿಂದ ಮನೂರಿಗೆ ಹೋಗುವ ಶೇರ್ ಆಟೋ ಹತ್ತಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಮುಂದಿನ ಸೀಟಿನಲ್ಲೇ ನಾಲ್ಕು ಮಂದಿ ಒತ್ತಿಕೊಂಡಿರುತ್ತಾರೆ, ಹ್ಯಾಂಡಲ್ ಹಿಡಿದವನು ಯಾರೆಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ದೊಡ್ಡಕ್ಕನ ಗಡ್ಡೆಯಲ್ಲಿ ಸಾಮಾನ್ಯವಾಗಿ ಹುಡುಕುವ ಚಾಲಕರನ್ನೆಲ್ಲ ಹುಡುಕಿಯಾಗಿತ್ತು, ಒಬ್ಬನೂ ಸಿಕ್ಕಿರಲಿಲ್ಲ. ಕಿಮೋ ಅವಳನ್ನು ಹಿಂಡಿಹಾಕಿತ್ತು. ಉಳಿದದ್ದು ಒಂದೇ ದಾರಿ, ಗಡ್ಡೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವುದು. ಅದನ್ನು ಮಾಡುವ ಒಂದು ಪ್ರಯೋಗಾಲಯದ ಜೊತೆ ಡಾಕ್ಟರಿಗೆ ಒಡನಾಟವಿತ್ತು. ಅದು ಇದ್ದದ್ದು ನೆದರ್‌ಲ್ಯಾಂಡ್ಸಿನ ಉಟ್ರೆಕ್ಟಿನಲ್ಲಿ, ನಾನು ಹೋಗುವ ಊರಿನಿಂದ ರೈಲಿಗೆ ಒಂದಿಷ್ಟು ಹೊತ್ತಿನ ದಾರಿ.

ಮೇಣದಲ್ಲಿ ಹುದುಗಿಸಿದ ಗಡ್ಡೆಯ ಚೂರು ಆಸ್ಪತ್ರೆಯಿಂದಲೇ ಹೋಯಿತು. ಜೊತೆಗೆ ಒಂದು ಟ್ಯೂಬ್ ರಕ್ತವೂ ಬೇಕೆಂದಿದ್ದರು. ರಕ್ತದಲ್ಲಿರುವುದು ಹುಟ್ಟಿದಾಗಿನ ಅಕ್ಷರಗಳು. ಅವನ್ನು ಪಕ್ಕದಲ್ಲಿಟ್ಟು ನೋಡಿದರೆ ಗಡ್ಡೆಯಲ್ಲಿ ಹೊಸದಾಗಿ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ದೊಡ್ಡಕ್ಕನನ್ನು ಜಹೀರಾಬಾದಿನ ಲ್ಯಾಬಿಗೆ ಕರೆದೊಯ್ದು ರಕ್ತ ಕೊಡಿಸುವ ಕೆಲಸ ತಿಪ್ಪಕ್ಕನದಾಗಿತ್ತು.

"ತೊಗರಿ ಗಿಗರಿ ಆಮ್ಯಾಲ ನೋಡು, ಮೊದಲ ಅಕ್ಕನ ಕೆಲಸ," ಎಂದಳು ತಿಪ್ಪಕ್ಕ, ರೈಲಿನ ಕಿಟಕಿ ಹಿಡಿದು. "ರಕ್ತದ್ದು ನಾ ಎಲ್ಲಾ ಬರಾಬರ್ ಮಾಡೀನಿ. ಫಿಕರ್ ಮಾಡಬ್ಯಾಡ."

ನಾನು ಫಿಕರ್ ಮಾಡಲಿಲ್ಲ.

ವಾಗೆನಿಂಗೆನ್

ತಾಂಡೂರಿನವರಾದ ನಾವು ಎಲ್ಲಿ ಹೋದರೂ ಮೊದಲು ನೆಲ ನೋಡುತ್ತೇವೆ. ಊರ ತುಂಬ ನೆಲಕ್ಕೆ ಹಾಸುವ ಕಲ್ಲಿನ ಗಣಿ, ಪಾಲಿಶ್ ಮಷಿನ್ನಿನ ಸದ್ದು, ಬಿಳಿ ದೂಳು. ಹೀಗಾಗಿ ಯಾರ ಮನೆಗೆ ಹೋದರೂ ಇದು ನಮ್ಮ ಕಲ್ಲೋ ಅಲ್ಲವೋ ಎಂದು ಕಣ್ಣು ಕೆಳಗೆ ಇಳಿಯುತ್ತದೆ. ವಾಗೆನಿಂಗೆನ್ನಿನ ರಸ್ತೆಗೆಲ್ಲ ಇಟ್ಟಿಗೆ ಹಾಸಿದ್ದರು. ಅಷ್ಟು ಅಂದವಾಗಿ ಜೋಡಿಸಿದ್ದಾರಲ್ಲ ಎಂದು ತಲೆ ತಗ್ಗಿಸಿ ನೋಡುತ್ತ ಹೋಗಿ ಸೈಕಲ್ಲುಗಳ ಕೆಂಪು ದಾರಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಗಂಟೆ ಬಾರಿಸಿದರು, ಮುಂದಿನಿಂದಲೂ ಬಾರಿಸಿದರು. ಒಬ್ಬ ಅಜ್ಜಿ ಸೈಕಲ್ ಮೇಲಿಂದಲೇ ಅವರ ಭಾಷೆಯಲ್ಲಿ ಏನೋ ಅಂದು ಹೋದಳು. ಬೈದಳೆಂದು ತಿಳಿಯಲು ಭಾಷೆ ಬೇಕಾಗಲಿಲ್ಲ.

ನಾನು ಉಳಿದುಕೊಂಡದ್ದು ಟ್ರೂಸ್ ಎಂಬ ನಿವೃತ್ತ ಶಿಕ್ಷಕಿಯ ಮನೆಯ ಮೇಲಿನ ಕೋಣೆಯಲ್ಲಿ. ಒಳ್ಳೆಯ ಹೆಂಗಸು. ಆದರೆ ಮೊದಲ ದಿನ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದು, ನಾನು ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟುಬಿಟ್ಟಳು. ನಮ್ಮಲ್ಲಿ ಹೀಗೆ ಮಾಡಿದ್ದರೆ ಬೀಗರು ಎರಡು ತಲೆಮಾರು ಮಾತು ಬಿಡುತ್ತಿದ್ದರು. ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಆಮೇಲೆ ನೋಡಿದರೆ ಇಡೀ ದೇಶವೇ ಹೀಗೆ. ಕಾಫಿಗೆ ಒಂದು ಬಿಸ್ಕತ್ತು, ಅಷ್ಟೇ. ಯಾರ ಮನೆಗೂ ಹೇಳದೆ ಕೇಳದೆ ಹೋಗುವಂತಿಲ್ಲ. ಹೊತ್ತು ಗೊತ್ತುಮಾಡಿ ಹೋಗಬೇಕು, ಗೊತ್ತುಮಾಡಿದ ಹೊತ್ತಿಗೆ ಏಳಬೇಕು. "ನಿನ್ನ ಅಕ್ಕನ ಬಗ್ಗೆ ನನಗೆ ಹೇಳು, ಗುರುವಾರ ಸಂಜೆ ಊಟವಾದ ಮೇಲೆ," ಎಂದಳು ಒಂದು ಸಲ, ಸೋಮವಾರ ಬೆಳಿಗ್ಗೆ. ನನಗೆ ನಗು ಬಂತು. ಆದರೆ ಗುರುವಾರ ಬಂದಾಗ ಟಿವಿ ಆರಿಸಿ, ಕನ್ನಡಕ ತೆಗೆದು ಬದಿಗಿಟ್ಟು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ನಮ್ಮ ಮನೆಗೆ ಬಂದುಹೋದವರಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ.

ಅವರ ಇನ್ನೊಂದು ಪದ್ಧತಿ ವಿಚಿತ್ರ. ಟ್ರೂಸಳ ತಮ್ಮನ ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಎಲ್ಲರೂ ಗುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಂದವರು ಹುಟ್ಟುಹಬ್ಬದವನ ಕೈ ಕುಲುಕಿ ಅಭಿನಂದನೆ ಹೇಳಿದರು, ಸರಿ. ಆಮೇಲೆ ಅವನ ಹೆಂಡತಿಗೆ, ಮಕ್ಕಳಿಗೆ, ಅಕ್ಕನಿಗೆ, ಪಕ್ಕದ ಮನೆಯವರಿಗೆ, ಹೀಗೆ ಒಬ್ಬೊಬ್ಬರ ಕೈ ಹಿಡಿದೂ ಅಭಿನಂದನೆ. ಕೊನೆಗೆ ನನಗೂ. "ನನಗೇಕೆ?" ಎಂದು ಟ್ರೂಸಳನ್ನು ಕೇಳಿದೆ. "ಅವನು ನಮ್ಮ ಪಾಲಿಗೆ ಇನ್ನೂ ಒಂದು ವರ್ಷ ಉಳಿದನಲ್ಲ, ಅದಕ್ಕೆ," ಎಂದಳು. ಅಂದು ರಾತ್ರಿ ದೊಡ್ಡಕ್ಕನನ್ನು ನೆನೆದು ಅತ್ತುಬಿಟ್ಟೆ.

ಉಟ್ರೆಕ್ಟ್, ಮೊದಲ ಸಲ

ಪ್ರಯೋಗಾಲಯದಿಂದ ಫೋನ್ ಬಂತು. ವರದಿ ಕೊಡುವ ಮೊದಲು ಒಂದು ಮಾತು ಕೇಳಬೇಕಿದೆ, ಹೇಗೂ ಹತ್ತಿರದಲ್ಲಿದ್ದೀರಿ, ಬರುತ್ತೀರಾ ಎಂದರು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತೆ. ಹೊರಗೆ ಸಣ್ಣ ಮಳೆ, ಹಸಿರು ಹುಲ್ಲು, ಹೊಟ್ಟೆ ತುಂಬಿದ ದನಗಳು. ಊರಲ್ಲಿ ಈಗ ಬೆಂಕಿಯಂಥ ಬಿಸಿಲು.

ಅಲ್ಲಿನ ಪಡಸಾಲೆಗೆ ನೀಲಿ ಬೂದು ಬಣ್ಣದ ಕಲ್ಲು ಹಾಸಿದ್ದರು. ನಮ್ಮದೇ ಎಂದು ಕಣ್ಣರಳಿತು. ಕರೆದೊಯ್ಯಲು ಬಂದ ವಿಜ್ಞಾನಿ ಮರೈಕೆಗೆ, "ಇದು ನಮ್ಮ ತಾಂಡೂರಿನ ಕಲ್ಲು," ಎಂದು ಹೆಮ್ಮೆಯಿಂದ ಹೇಳಿಯೂ ಬಿಟ್ಟೆ. ಆಕೆ ನಮ್ರವಾಗಿ, ಇದು ಬೆಲ್ಜಿಯಮ್ಮಿನದು ಎಂದಳು. ಹೋಗಲಿ, ಮೊದಲ ಮಾತಿಗೆ ಒಂದು ವಿಷಯ ಸಿಕ್ಕಿತು.

ಮರೈಕೆ ನನಗಿಂತ ಕಿರಿಯಳು, ಎತ್ತರದವಳು, ಮಾತು ಮೆಲ್ಲಗೆ. ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದಳು. ಗಡ್ಡೆಯ ಅಕ್ಷರ ರಕ್ತದ್ದಕ್ಕೆ ಹೊಂದದ ಕಡೆಗೆಲ್ಲ ಒಂದೊಂದು ಚುಕ್ಕಿ. ಚುಕ್ಕಿಗಳೇ ಚುಕ್ಕಿಗಳು.

"ಬೀಡಿ ಸಿಗರೇಟು ಸೇದದವರ ಗಡ್ಡೆಯಲ್ಲಿ ಹೊಸ ಬದಲಾವಣೆಗಳು ಕಡಿಮೆ ಇರಬೇಕು," ಎಂದಳು. "ಇಲ್ಲಿ ಲಕ್ಷಗಟ್ಟಲೆ ಕಾಣುತ್ತಿವೆ. ಗಡ್ಡೆಯಲ್ಲಿ ಇಷ್ಟು ಕೆಡಲು ಸಾಧ್ಯವಿಲ್ಲ. ಗಡ್ಡೆ ಒಬ್ಬರದು, ರಕ್ತ ಇನ್ನೊಬ್ಬರದು ಆದಾಗ ಮಾತ್ರ ಹೀಗೆ ಕಾಣುತ್ತದೆ."

ಆ ಮೇಣದ ಚೂರು ದೊಡ್ಡಕ್ಕನದೇ ಅಲ್ಲವೆಂದರೆ? ಬೇರೆ ಯಾರದೋ ಗಡ್ಡೆಗಾಗಿ ಅವಳು ಇಷ್ಟು ದಿನ ವಾಂತಿ ಮಾಡಿಕೊಂಡು, ಕೂದಲು ಕಳೆದುಕೊಂಡು ಮಲಗಿದ್ದಾಳೆಯೇ? ಅಥವಾ ಅವಳ ಗಡ್ಡೆಯ ಚೂರು ಎಲ್ಲೋ ಕಳೆದುಹೋಗಿ, ಅದರ ಚಾಲಕ ಇನ್ನು ಯಾವತ್ತೂ ಸಿಗುವುದೇ ಇಲ್ಲವೇ?

ಮರೈಕೆ ನೀರು ತಂದುಕೊಟ್ಟಳು. "ಒಂದು ಮಾತಿದೆ," ಎಂದಳು. "ಇಬ್ಬರೂ ಹೆಂಗಸರು. ಹೊರಗಿನವರಲ್ಲ. ಹುಟ್ಟಿದಾಗಿನ ಅಕ್ಷರಗಳು ಹೊಂದುವ ರೀತಿ ನೋಡಿದರೆ ಇವರು ಒಂದೇ ತಂದೆತಾಯಿಯ ಮಕ್ಕಳು. ನಿಮ್ಮ ಅಕ್ಕನಿಗೆ ನೀವಲ್ಲದೆ ಇನ್ನೊಬ್ಬ ತಂಗಿ ಇದ್ದಾರೆಯೇ?"

ನಾನು ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟೆ. ತಿಪ್ಪಕ್ಕ ಎಲ್ಲಾ ಬರಾಬರ್ ಮಾಡೀನಿ ಎಂದಿದ್ದಳಲ್ಲ. ಅಲ್ಲಿಂದಲೇ ಮನೂರಿಗೆ ಫೋನ್ ಹಚ್ಚಿದೆ.

"ತಿಪ್ಪಕ್ಕ, ಖರೆ ಹೇಳು. ಜಹೀರಾಬಾದಿನ್ಯಾಗ ರಕ್ತ ಯಾರ್ ಕೊಟ್ಟರು?"

"ನಾನೇ ಕೊಟ್ಟೆ," ಎಂದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಯಾಕ, ಕಮ್ಮಿ ಬಿತ್ತೇನು? ಇನ್ನಾ ಒಂದ್ ಬಾಟ್ಲಿ ಕೊಡ್ತೀನಿ."

"ಅಕ್ಕಂದು ಕೊಡಸು ಅಂದಿದ್ದೆನಲ್ಲ."

"ಅಯ್ಯ, ಅಕ್ಕನ ಮೈಯಾಗ ರಕ್ತ ಎಲ್ಲಿ ಅದ? ಅವತ್ತ ಸೋಮವಾರ, ಒಪ್ಪತ್ತು ಬ್ಯಾರೆ ಇದ್ದಳು. ಬಾಳ ಕಮಜೋರ ಆಗಿದ್ದಳು, ಆಟೋದಾಗ ಕುಂದ್ರಿಸಿ ನಾ ಒಳಗ ಹೋದೆ. ನೀಲಮ್ಮ ಯಾರಂತ ಕರದ್ರು, ನಾ ಕೈ ಚಾಚಿದೆ. ದವಾಖಾನ್ಯಾಗ ಆಕಿಗಿ ರಕ್ತ ಏರಸಬೇಕಾದಾಗ ಬದಲಿ ಕೊಡ್ರಿ ಅಂದ್ರು, ನನ್ನದೇ ತಗೊಂಡ್ರು. ಆಗ ನಡೀತು, ಈಗ ಯಾಕ ನಡ್ಯಂಗಿಲ್ಲ? ಒಂದೇ ಹೊಟ್ಟಿ, ಒಂದೇ ರಕ್ತ."

ತೊಗರಿ ಗಿಡಕ್ಕೆ ಒಂದು ಚೀಟಿ ತಪ್ಪಿ ಕಟ್ಟಿದ ಕೂಲಿಯವರನ್ನು ನಾನು ಇಡೀ ದಿನ ಬೈದದ್ದುಂಟು. ತಿಪ್ಪಕ್ಕನನ್ನು ಬೈಯಲು ಬಾಯಿ ಬರಲಿಲ್ಲ. ಅವಳು ಇದ್ದದ್ದನ್ನು ಕೊಟ್ಟಿದ್ದಳು. ಫೋನ್ ಇಟ್ಟು ಮರೈಕೆಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ಗಡ್ಡೆ ದೊಡ್ಡಕ್ಕನದೇ ಇದ್ದೀತು, ಚೂರು ಎಲ್ಲೂ ಕಳೆದಿರಲಿಕ್ಕಿಲ್ಲ ಎಂದೆ. ಮರೈಕೆ ನಗಲಿಲ್ಲ. "ಇದ್ದೀತು ಅಂದರೆ ಸಾಲದು. ನಿಮ್ಮ ಅಕ್ಕನ ರಕ್ತವೇ ಬರಬೇಕು. ಅದು ಗಡ್ಡೆಗೆ ಹೊಂದುವವರೆಗೆ ನಾನು ಒಂದು ಜೀನಿನ ಹೆಸರನ್ನೂ ಹೇಳುವುದಿಲ್ಲ," ಎಂದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಮತ್ತೆ ವಾಗೆನಿಂಗೆನ್

ರಕ್ತ ಅದಲುಬದಲಾದ ಸುದ್ದಿ, ಮಷಿನ್ನು ಅದನ್ನು ಹಿಡಿದ ಬಗೆ ಎಲ್ಲವನ್ನೂ ದೊಡ್ಡಕ್ಕನಿಗೆ ಫೋನಿನಲ್ಲಿ ಹೇಳಿದೆ. ಫೋನ್ ಇಟ್ಟ ಮೇಲೆ ಅವಳಿಗೆ ಬೈಯುವ ಶಕ್ತಿ ಎಲ್ಲಿಂದಲೋ ಬಂತಂತೆ. ತಿಪ್ಪಕ್ಕನೇ ಖುಷಿಯಿಂದ ವರದಿ ಒಪ್ಪಿಸಿದಳು. "ನನಗ ಕತ್ತಿ ಅಂದಳು, ಕ್ವಾಣ ಅಂದಳು. ಎಷ್ಟ್ ದಿನ ಆಗಿತ್ತವ್ವ ಆಕಿ ಹಂಗ ಬೈದು." ಮರುದಿನವೇ ಇಬ್ಬರೂ ಜಹೀರಾಬಾದಿಗೆ ಹೋದರು. ಈ ಸಲ ದೊಡ್ಡಕ್ಕನೇ ಒಳಗೆ ಹೋಗಿ ಕೈ ಚಾಚಿದಳು. ತಿಪ್ಪಕ್ಕನನ್ನು ಆಟೋದಲ್ಲಿ ಕೂರಿಸಿದ್ದಳಂತೆ.

ರಕ್ತ ಬರಬೇಕು, ಓದಬೇಕು, ಹೋಲಿಸಬೇಕು. ನನಗೆ ತೊಗರಿಯ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಸೈಕಲ್ ಕಲಿತುಬಿಡೋಣವೆಂದು ಹೊರಟು ಕಾಲುವೆಯ ದಂಡೆಯ ಹೂವಿನ ಪಾತಿಯಲ್ಲಿ ಬಿದ್ದೆ. ಮೊಣಕಾಲು ತರಚಿತು. ಅಂದು ಬೈದು ಹೋಗಿದ್ದ ಅಜ್ಜಿಯೋ ಅವಳಂಥ ಇನ್ನೊಬ್ಬಳೋ ಬಂದು ಎಬ್ಬಿಸಿ, ಸೀಟನ್ನು ಕೆಳಗಿಳಿಸಿಕೊಟ್ಟು, ಮತ್ತೆ ಹತ್ತಿಸಿ ಹಿಂದೆ ಹಿಡಿದುಕೊಂಡು ನಡೆದಳು. ಹೇಳದೆ ಕೇಳದೆ ಸಹಾಯ ಮಾಡುವುದೂ ಇವರಿಗೆ ಗೊತ್ತಿದೆ ಎಂದು ಅವತ್ತು ತಿಳಿಯಿತು. ಟ್ರೂಸ್ ಸಂಜೆ ಮೊಣಕಾಲಿಗೆ ಔಷಧ ಹಚ್ಚಿ, ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿಯನ್ನು ತೆರೆದಿಟ್ಟು ಒಳಗೆ ಹೋದಳು. ನಾನು ಎರಡು ತಿಂದೆ.

ಉಟ್ರೆಕ್ಟ್, ಎರಡನೆಯ ಸಲ

ಊರಿಗೆ ಹೊರಡುವ ವಾರದಲ್ಲಿ ಮರೈಕೆ ಕರೆಸಿಕೊಂಡಳು. ಅದೇ ಕೋಣೆ, ಅದೇ ಪರದೆ. ಚುಕ್ಕಿಗಳು ಮಾತ್ರ ಈಗ ಅಲ್ಲೊಂದು ಇಲ್ಲೊಂದು.

"ರಕ್ತ, ಗಡ್ಡೆ ಎರಡೂ ನಿಮ್ಮ ಅಕ್ಕನವೇ," ಎಂದಳು. ಆಮೇಲೆ ಪರದೆಯ ಒಂದು ಕಡೆ ಬೆರಳಿಟ್ಟಳು. ಎರಡು ಜೀನುಗಳು, ಒಂದಕ್ಕೊಂದು ಸಂಬಂಧವೇ ಇಲ್ಲದವು, ನಡುವೆ ತುಂಡಾಗಿ ಒಂದರ ತಲೆಗೆ ಇನ್ನೊಂದರ ಕಾಲು ಅಂಟಿಕೊಂಡಿದ್ದವು. ಆ ತಪ್ಪು ಜೋಡಣೆಯೇ ಬೆಳೆ, ಬೆಳೆ ಎಂದು ಜೀವಕೋಶಕ್ಕೆ ಬಿಡುವಿಲ್ಲದೆ ಹೇಳುತ್ತಿತ್ತು. ಅದೇ ಚಾಲಕ. ಅಪರೂಪದ್ದು, ಅದಕ್ಕೇ ಸಾಮಾನ್ಯ ಪರೀಕ್ಷೆಯಲ್ಲಿ ಸಿಕ್ಕಿರಲಿಲ್ಲ.

"ಗುಳಿಗೆ?" ಎಂದೆ.

"ಇದೆ. ನಿಮ್ಮ ಡಾಕ್ಟರಿಗೆ ನಿನ್ನೆಯೇ ಬರೆದಿದ್ದೇನೆ, ಶುರುಮಾಡುತ್ತಾರೆ. ಪೂರ್ತಿ ವಾಸಿಯಾಗುತ್ತದೆಂದು ನಾನು ಹೇಳಲಾರೆ. ಗಡ್ಡೆ ಮುಂದೆಂದೋ ಬೇರೆ ದಾರಿ ಹುಡುಕಬಹುದು. ಆದರೆ ಈ ಗುಳಿಗೆಗೆ ಬಹಳ ಜನರ ಗಡ್ಡೆ ಕುಗ್ಗುತ್ತದೆ, ಅವರು ಎದ್ದು ಓಡಾಡುತ್ತಾರೆ."

ಇನ್ನೂ ಎರಡು ಪ್ರಶ್ನೆಗಳಿದ್ದವು. ಮಕ್ಕಳಿಗೆ ಬರುತ್ತದೆಯೇ? ಇಲ್ಲ, ಈ ಜೋಡಣೆ ರಕ್ತದಲ್ಲಿಲ್ಲ, ಹುಟ್ಟಿನಿಂದ ಬಂದದ್ದಲ್ಲ, ಅವಳಿಂದ ಯಾರಿಗೂ ಹೋಗಿಲ್ಲ. ಅವಳು ಏನಾದರೂ ತಪ್ಪು ಮಾಡಿದ್ದಳೇ? ಮರೈಕೆ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. "ಜೀವಕೋಶ ಒಡೆದು ಎರಡಾಗುವಾಗ ನಕಲು ತಪ್ಪಿದೆ. ಅದು ಯಾರ ತಪ್ಪೂ ಅಲ್ಲ. ಈ ಮಾತನ್ನು ಅವರಿಗೆ ನನ್ನ ಹೆಸರಿನಲ್ಲಿ ಹೇಳಿ."

ನಾನು ಎದ್ದು ನಿಂತಾಗ ಆಕೆ ನನ್ನ ಕೈ ಹಿಡಿದು ಕುಲುಕಿದಳು. "ನಿಮ್ಮ ಅಕ್ಕನಿಗಾಗಿ ನಿಮಗೆ ಅಭಿನಂದನೆಗಳು." ಪಕ್ಕದ ಮೇಜಿನವನೂ ಎದ್ದು ಬಂದು ಕುಲುಕಿದ. ಬಾಗಿಲ ಬಳಿ ನಿಂತಿದ್ದ ಇನ್ನೊಬ್ಬಳೂ ಕುಲುಕಿದಳು. ನನಗೇಕೆ ಎಂದು ನಾನು ಈ ಸಲ ಕೇಳಲಿಲ್ಲ.

ಹೊರಗೆ ಬಂದು ಬೆಲ್ಜಿಯಮ್ಮಿನ ಕಲ್ಲಿನ ಮೇಲೆ ಕೂತು ನಾಗಲಗಿದ್ದಕ್ಕೆ ಫೋನ್ ಮಾಡಿದೆ. ಗುಳಿಗೆಯ ಸುದ್ದಿ ಹೇಳಿದೆ, ಮಕ್ಕಳದ್ದು ಹೇಳಿದೆ. ಕೊನೆಗೆ, ನೀನು ಯಾವ ತಪ್ಪೂ ಮಾಡಿಲ್ಲ ಎಂದು ಆ ದೊಡ್ಡ ವಿಜ್ಞಾನಿ ಹೇಳಿ ಕಳಿಸಿದ್ದಾಳೆ ಎಂದೆ. ಆ ಕಡೆ ದೊಡ್ಡಕ್ಕ ಅಳುತ್ತಿದ್ದಳು.

"ಹಂಗಂದಳಾ?" ಎಂದಳು ಆಮೇಲೆ. "ಆತು ಬಿಡು. ಗುಳಿಗಿ ನುಂಗ್ತೀನಿ." ಹಿಂದೆಯೇ, "ಅಲ್ಲ ಸುವರ್ಣಾ, ಆ ಮಷಿನ್ನು ತಿಪ್ಪವ್ವ ನನ್ನ ಒಡಹುಟ್ಟಿದಾಕಿನೇ ಅಂತ ಹೇಳ್ತಂತಲ್ಲ, ಖರೆ ಏನು?"

"ಖರೆ. ಹೆಸರ ಗೊತ್ತಿಲ್ಲದೇ ಕಂಡುಹಿಡದಾರ."

"ಆಕಿಗಿ ಹೇಳಬ್ಯಾಡ," ಎಂದಳು ದೊಡ್ಡಕ್ಕ. ತಿಪ್ಪಕ್ಕ ಅಲ್ಲೇ ಪಕ್ಕದಲ್ಲಿ ಕೂತು ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ನಾಗಲಗಿದ್ದ

ನಾನು ಊರಿಗೆ ಬರುವಷ್ಟರಲ್ಲಿ ಗುಳಿಗೆ ಶುರುವಾಗಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ದೊಡ್ಡಕ್ಕನ ಕೆಮ್ಮು ನಿಂತು, ರೊಟ್ಟಿ ರುಚಿಸತೊಡಗಿತ್ತು. ಹೈದರಾಬಾದಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿತ್ತು. ಅಂದಿನ ಸಮಾಧಾನವನ್ನು ಬರೆದು ಹೇಳಲು ನನಗೆ ಬರುವುದಿಲ್ಲ.

ಆ ಭಾನುವಾರ ನಾಗಲಗಿದ್ದಕ್ಕೆ ಹೋದೆ. ತಿಪ್ಪಕ್ಕ ಮನೂರಿನಿಂದ ಮೊದಲೇ ಬಂದಿದ್ದಳು, ಜೊತೆಗೆ ಒಂದು ಚೀಲ ತಂದಿದ್ದಳು. ಒಳಗಿನಿಂದ ಮೊರ ತಂದು ಚೀಲದಲ್ಲಿದ್ದುದನ್ನು ಅದಕ್ಕೆ ಸುರಿದಳು. ತೌಡು. ಆಮೇಲೆ ದೊಡ್ಡಕ್ಕನ ರಟ್ಟೆ ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋಗಿ ತಿಪ್ಪೆಯ ಅಂಚಿನಲ್ಲಿ ಒಂದು ಕಂಬಳಿ ಹಾಸಿದಳು.

"ಈ ವಯಸ್ಸಿನ್ಯಾಗ ನನಗ ತಿಪ್ಪಿ ಮ್ಯಾಲ ಕುಂದ್ರಸ್ತಿಯೇನ?" ಎಂದಳು ದೊಡ್ಡಕ್ಕ.

"ಗುಳಿಗಿನೂ ನುಂಗು, ಇದೂ ಆಗ್ಲಿ. ಇದಕ್ಕೇನ್ ಹೊಟ್ಟಿ ತೊಳಸಂಗಿಲ್ಲ. ಕುಂದ್ರು."

ದೊಡ್ಡಕ್ಕ ಕೂತಳು. ಗೌರಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಎತ್ತಿಕೊಳ್ಳುವವರು, ತೌಡು ಇಸಿದುಕೊಂಡು ಮಾರುವವರು ಒಬ್ಬರು ಬೇಕಲ್ಲ. ಇಬ್ಬರೂ ನನ್ನ ಕಡೆ ನೋಡಿದರು. ಹೊರದೇಶಕ್ಕೆ ಹೋಗಿ ಜೀನ್ ಓದಲು ಕಲಿತು ಬಂದವಳು ನಾನು. ಆದರೂ ಹೋಗಿ ದೊಡ್ಡಕ್ಕನ ಕೈ ಹಿಡಿದು ಎಬ್ಬಿಸಿದೆ. ಎಷ್ಟು ಹಗುರಾಗಿದ್ದಳು. ತಿಪ್ಪಕ್ಕ ಮೊರವನ್ನು ನನ್ನ ಕೈಗಿತ್ತು, ಅಕ್ಕನನ್ನು ತನ್ನ ಕಡೆ ಎಳೆದುಕೊಂಡು ಸೆರಗಿನಿಂದ ಅವಳ ಬೆನ್ನ ಮೇಲಿನ ಕಸ ಕೊಡವಿದಳು.

"ಇನ್ ಮ್ಯಾಲ ನನಗ ತಿಪ್ಪಿ ಮ್ಯಾಲಿಂದ ತಂದೀವಿ ಅನ್ನಂಗಿಲ್ಲ," ಎಂದಳು. "ನಿನಗೂ ಅಲ್ಲಿಂದೇ ತಂದೀನಿ."